ಗುರುಬಸವಣ್ಣನ ಹಳದಿ ದೀಪ
ಗಂಗಾವತಿಯ ಅಕ್ಕಿ ಗಿರಣಿ ಮಾಲೀಕ ಗುರುಬಸವಣ್ಣ ಕೂತಲ್ಲಿ ಕೂರುವವನಲ್ಲ. ಸ್ಪೋರ್ಟ್ಸ್ ಕಾರು ಕೊಂಡ ಮೇಲಂತೂ ಅವನ ಕಣ್ಣು ರಸ್ತೆಗಿಂತ ಟ್ರ್ಯಾಕ್ಷನ್ ಕಂಟ್ರೋಲಿನ ಹಳದಿ ದೀಪದ ಮೇಲೆಯೇ ಹೆಚ್ಚು. ಮರಳಿ ಎಂಬ ಹಳ್ಳಿಯ ರಸ್ತೆಯಲ್ಲಿ ಒಣಹಾಕಿದ ಭತ್ತದ ಮೇಲೆ ಗಾಲಿ ಹರಿದರೆ ಸಾಕು, ದೀಪ ಮಿಣುಕುತ್ತದೆ. ಅವನು ಕಾರು ನಿಲ್ಲಿಸಿ, ಇಳಿದು, ಟೈರು ಒದ್ದು ನೋಡಿ, ಗಾಲಿಗೊಂದು ನಿಂಬೆಹಣ್ಣು ಇಡುತ್ತಾನೆ. "ಅಪ್ಪಾ, ಮಿಣುಕಿದ್ರ ಗಾಡಿ ಜಾರೂದನ್ನ ತಾನ ತಡ್ಯಾಕತ್ತೈತಿ ಅಂತ. ಹತ್ತಿದ್ದು ಆರಲಿಲ್ಲಂದ್ರ ಅಷ್ಟ ರಿಪೇರಿ," ಎಂದು ಮಗಳು ಭವಾನಿ ಪ್ರತಿ ಸಲವೂ ಹೇಳುತ್ತಾಳೆ. "ಗೊತ್ತೈತಿ ಬಿಡವಾ," ಎನ್ನುತ್ತಲೇ ಅವನು ಹೆಗಲ ಟವೆಲ್ಲಿನಿಂದ ರಸ್ತೆಯ ಭತ್ತವನ್ನು ಬದಿಗೆ ಸರಿಸುತ್ತಾನೆ, ಕಾರಿಗಲ್ಲ, ಒಂದು ಬೈಕು ದಾಟುವಷ್ಟೇ ಅಗಲ. "ನಿಮ್ಮ ಕಾಕಾ ಇಲ್ಲೇ ಭತ್ತದಾಗ ಜಾರಿ ಸತ್ತ. ಅಂವನ ಬೈಕಿಗಿ ಇಂಥಾ ದೀಪ ಎಲ್ಲಿತ್ತವಾ?"