ಆನೆ ಗ್ರೂಪು ಮತ್ತು ನನ್ನ ಹಾಡುಗಳು

ಅಕ್ಕನನ್ನು ಆನೆ ಎತ್ತಿ ಎಸೆದ ಹೊತ್ತಿನಲ್ಲಿ ನಾನು ಕಣದಲ್ಲಿ ಹಾಡು ಹಾಕಿಕೊಂಡು ಕಾಫಿ ಹರವುತ್ತಿದ್ದೆ. ಸ್ಪೀಕರಿನ ಸದ್ದು ಜೋರಾಗಿತ್ತು. ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಓಡಿ ಬಂದು ಏನೋ ಹೇಳುತ್ತಿದ್ದದ್ದು ಕಂಡಿತೇ ಹೊರತು ಕೇಳಿಸಲಿಲ್ಲ. ಅವರೇ ಬಗ್ಗಿ ಸ್ಪೀಕರ್ ಆರಿಸಿದರು.

"ನಿಮ್ಮಕ್ಕಂಗೆ ಆನೆ ಹೊಡ್ದ್‌ಬುಡ್ತು ಕಣೋ. ಬಾ ಬೇಗ."

ಏನು ಅಂದರು ಅನ್ನುವುದು ತಲೆಗೆ ಹೋಗಲೇ ಇಲ್ಲ. ಕಾಫಿ ಎಳೆಯುವ ಹಲಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರ ಹಿಂದೆ ಓಡಿದೆ. ಜೀಪಿನಲ್ಲಿ ಕೂತ ಮೇಲೆ ಯಾರೋ ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡರು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಕ್ಕ ನನಗಿಂತ ಮೊದಲೇ ಬಿಟ್ಟವಳು. ನಾವಿಬ್ಬರೂ ಬೆಳಗೋಡಿನ ಆಚೆ ಒಂದು ಎಸ್ಟೇಟಿನಲ್ಲಿ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಇದ್ದೇವೆ. ನನಗೆ ಕಣದ ಕೆಲಸ, ಅವಳಿಗೆ ಹಣ್ಣು ಕೊಯ್ಯುವ ಕೆಲಸ. ನಮ್ಮ ಕಡೆ ಕಾಫಿ ಹಣ್ಣಾಗುವ ಕಾಲದಲ್ಲೇ ಆನೆಗಳೂ ತೋಟದಲ್ಲಿ ಇರುತ್ತವೆ. ಅದಕ್ಕೆಂದೇ ಮೊಬೈಲಿನಲ್ಲಿ ಒಂದು ಗ್ರೂಪು ಇದೆ. ಕಾವಲಿನ ಹುಡುಗರು ರಾತ್ರಿಯೆಲ್ಲ ಸುತ್ತಿ, ಬೆಳಗಾಗುವ ಮುಂಚೆ ಯಾವ ತೋಟದಲ್ಲಿ ಎಷ್ಟು ಆನೆ ಇವೆ ಎಂದು ಮಾತಿನಲ್ಲೇ ಹೇಳಿ ಕಳಿಸುತ್ತಾರೆ. ನಮ್ಮ ಲೈನಿನ ಹೆಂಗಸರಲ್ಲಿ ದೊಡ್ಡ ಫೋನು ಇದ್ದದ್ದು ಅಕ್ಕನ ಹತ್ತಿರ ಮಾತ್ರ. ಉಳಿದವರದೆಲ್ಲ ಬಟನ್ ಫೋನು. ಹಾಗಾಗಿ ಬೆಳಿಗ್ಗೆ ಎಲ್ಲರೂ ಗೇಟಿನ ಹತ್ತಿರ ನಿಂತು ಅಕ್ಕನ ಮುಖ ನೋಡುತ್ತಿದ್ದರು. ಫೋನು ಠಣ್ ಎಂದಿದ್ದರೆ ಅವಳು ಅದನ್ನು ಜೋರಾಗಿ ಹಾಕಿ ಕೇಳಿಸಿ, "ಇವತ್ತು ಕೆಳಗಿನ್ ತೋಟ ಬ್ಯಾಡ" ಎನ್ನುವಳು. ಸದ್ದು ಬಂದಿಲ್ಲ ಅಂದರೆ ಆನೆ ಇಲ್ಲ. ಎಲ್ಲರೂ ಅದನ್ನು ನಂಬಿಕೊಂಡಿದ್ದರು. ರೈಟರ್ ಕೂಡ ಅವಳನ್ನು ಕೇಳಿಯೇ ಹೆಣ್ಣಾಳುಗಳನ್ನು ಒಳಗೆ ಬಿಡುತ್ತಿದ್ದರು. ಅಕ್ಕನಿಗೆ ಅದೊಂದು ಹೆಮ್ಮೆ. ಹಬ್ಬದ ದಿನ ರಜೆ ಇದ್ದರೂ ಎದ್ದು ಕೇಳಿಸಿಕೊಳ್ಳುತ್ತಿದ್ದಳು.

ನನಗೆ ಹಾಡಿನ ಹುಚ್ಚು. ನನ್ನ ಫೋನು ಕಣದ ಸಿಮೆಂಟಿನ ಮೇಲೆ ಬಿದ್ದು ಒಡೆದಿತ್ತು. ಹೊಸದು ತೆಗೆದುಕೊಳ್ಳುವವರೆಗೆ ಸಂಜೆ ಹೊತ್ತು ಅಕ್ಕನ ಫೋನೇ ಗತಿ. ಲೈನಿನಲ್ಲಿ ಟವರ್ ಸಿಗುವುದಿಲ್ಲ ಅನ್ನುವಷ್ಟು ಕಡಿಮೆ. ಮಾತಿನ ಮೆಸೇಜ್ ಬರುತ್ತದೆ, ಹಾಡು ಬರುವುದಿಲ್ಲ. ಮೇಲಿನ ರಸ್ತೆಯ ತಿರುವಿನಲ್ಲಿ ಮೋರಿ ಕಟ್ಟೆಯ ಮೇಲೆ ಕೂತರೆ ಚೆನ್ನಾಗಿ ಸಿಗುತ್ತದೆ. ಅಲ್ಲಿ ಕೂತು ಹಾಡು ಇಳಿಸಿಕೊಳ್ಳುತ್ತಿದ್ದೆ. ಒಂದು ಹಾಡಿಗೆ ನಾಲ್ಕು ಕಡೆ ಡೌನ್‌ಲೋಡ್ ಎಂದು ಬರೆದಿರುತ್ತದೆ, ಮೂರು ಸುಳ್ಳು. ಒತ್ತಿದರೆ ಜಾಹೀರಾತು, ಇಲ್ಲವೇ ನಿಮ್ಮ ಫೋನಿಗೆ ವೈರಸ್ ಬಂದಿದೆ ಎಂಬ ಹೆದರಿಕೆ. ನಿಜವಾದದ್ದು ಸಣ್ಣ ಅಕ್ಷರದಲ್ಲಿ ಕೆಳಗೆ ಎಲ್ಲೋ ಇರುತ್ತದೆ. ಅದನ್ನು ಹುಡುಕುವುದರಲ್ಲಿ ನಾನು ಪಳಗಿದ್ದೆ. ಇಳಿದ ಹಾಡನ್ನು ಮೆಮೊರಿ ಕಾರ್ಡಿಗೆ ಹಾಕಿ, ಮಾರನೇ ದಿನ ಕಣದ ಸ್ಪೀಕರಿಗೆ ಸಿಕ್ಕಿಸುತ್ತಿದ್ದೆ. ಜನಪದ, ಭಾವಗೀತೆ, ಹಳೆ ಸಿನಿಮಾ, ತಮಿಳು, ಏನು ಸಿಕ್ಕರೂ ಸರಿ. ಕೆಲವನ್ನು ಇಳಿಸಿದ ಮೇಲೆ ಒಂದು ಸಲವೂ ಕೇಳಿಲ್ಲ. ಇದೆಯಲ್ಲ ಅನ್ನುವುದೇ ಒಂದು ಸುಖ.

ಅಕ್ಕನಿಗೆ ಆನೆ ಹೊಡೆದ ಹಿಂದಿನ ದಿನ ಸಂಜೆ ಒಂದು ಹಾಡನ್ನು ಇಯರ್‌ಫೋನಿನಲ್ಲಿ ಕೇಳುತ್ತಿದ್ದೆ. ಹೆಂಗಸಿನ ದನಿ, ತಾಳ ಇಲ್ಲದೆ ಶುರುವಾಗುವ ಹಾಡು. ಆನೆ ಗ್ರೂಪಿನಲ್ಲಿ ಯಾರೋ ಶುಭಸಂಜೆ ಎಂದು ಹೂವಿನ ಚಿತ್ರ ಹಾಕಿದರು. ಠಣ್. ಹಾಡಿನ ದನಿ ಕುಗ್ಗಿತು. ಇನ್ನೊಬ್ಬರು ಕೈಮುಗಿದರು. ಠಣ್. ಮತ್ತೊಬ್ಬರು ಯಾವುದೋ ಹಳೆ ಆನೆ ವಿಡಿಯೋ ಹಾಕಿದರು. ಸಿಟ್ಟು ಬಂದು ಗ್ರೂಪಿನ ಸದ್ದು ಮುಚ್ಚಿದೆ. ಎಷ್ಟು ಹೊತ್ತು ಮುಚ್ಚಬೇಕೆಂದು ಫೋನು ಕೇಳಿತು. ಎಂಟು ಗಂಟೆ ಅಂತಲೂ ಇತ್ತು, ಯಾವಾಗಲೂ ಅಂತಲೂ ಇತ್ತು. ಬೆರಳಿಗೆ ಹತ್ತಿರ ಇದ್ದದ್ದನ್ನು ಒತ್ತಿದೆ. ಮನೆಗೆ ಹೋಗಿ ಸರಿ ಮಾಡಿದರಾಯಿತು ಅಂದುಕೊಂಡೆ. ಮನೆಗೆ ಹೋದಾಗ ಅಕ್ಕ ಬಿಸಿ ಮುದ್ದೆ ಹಾಕಿದಳು, ಉಂಡು ಮಲಗಿದೆ. ಮರೆತೆ. ಇದಕ್ಕಿಂತ ಬೇರೆ ಕಾರಣ ನನ್ನ ಹತ್ತಿರ ಇಲ್ಲ.

ಸಕಲೇಶಪುರದ ಆಸ್ಪತ್ರೆಯಲ್ಲಿ ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ನಮ್ಮ ಲೈನಿನ ಹಿರಿಯಳು, ನಾವು ದೊಡ್ಡವ್ವ ಎಂದು ಕರೆಯುವವಳು, ಸೀರೆಯೆಲ್ಲ ಕೆಸರು ಮಾಡಿಕೊಂಡು ನಡೆದದ್ದನ್ನು ಹೇಳಿದಳು. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಅಕ್ಕ ಮುಂದೆ ಇದ್ದಳು. ಗಿಡದ ಮಧ್ಯೆ ಮರಿ ಕಂಡಿತಂತೆ. ಅಕ್ಕ ತಿರುಗಿ "ಓಡ್ರೇ" ಎಂದು ಕೂಗಿ ಹಿಂದಿದ್ದವರನ್ನು ತಳ್ಳುತ್ತಿರುವಾಗಲೇ ತಾಯಿ ಆನೆ ಬಂದು ಅವಳನ್ನು ಸೊಂಡಿಲಲ್ಲಿ ಎತ್ತಿ ಬೀಸಿತು. ಅವಳು ಹೋಗಿ ನೀರು ಕಾಲುವೆಯೊಳಗೆ ಬಿದ್ದಳು. ಆನೆ ಕಾಲುವೆ ದಾಟಿ ಹೋಯಿತು.

"ಗುಂಡೀಲ್ ಬಿದ್ದಿದ್ಕೇ ಉಳುದ್ಲು ಮಾರಾಯ. ಇಲ್ದಿದ್ರೆ ತುಳುದ್‌ಬುಡದು" ಅಂದಳು ದೊಡ್ಡವ್ವ. ಆಮೇಲೆ ನನ್ನ ಕಡೆ ನೋಡಿ, "ಮೆಸೇಜು ಬಂದಿರ್ಲಿಲ್ವೇನೋ?" ಅಂದಳು.

ಪಕ್ಕದಲ್ಲಿ ನಿಂತಿದ್ದ ರೈಟರ್ ಹೇಳಿದರು: "ಹಾಕಿದ್ರಂತಲ್ಲ. ಬೆಳಕು ಹರಿಯೋ ಮುಂಚೇನೇ ಹಾಕವ್ರೆ."

ಕಾಲುವೆಯ ಹತ್ತಿರ ಸಿಕ್ಕಿತೆಂದು ಯಾರೋ ಜೀಪಿನಲ್ಲಿ ಕೊಟ್ಟಿದ್ದ ಅಕ್ಕನ ಫೋನು ನನ್ನ ಜೇಬಿನಲ್ಲಿತ್ತು. ಅಲ್ಲಿವರೆಗೂ ನನಗೆ ಹೊಳೆದಿರಲಿಲ್ಲ, ನಿಜವಾಗಿಯೂ ಹೊಳೆದಿರಲಿಲ್ಲ. ಆಸ್ಪತ್ರೆಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ತೆರೆದೆ. ಕಾವಲಿನ ಹುಡುಗನ ದನಿ, ಉಸಿರು ಕಟ್ಟಿದ ಹಾಗೆ: "ಮೂರು ಆನೆ, ಒಂದು ಮರಿ, ಗೇಟಿನ ಕೆಳಗಿನ ತೋಟದಲ್ಲೇ ಅವೆ. ಕುಯ್ಯೋರು ಯಾರೂ ಬರ್ಬೇಡಿ, ಯಾರೂ ಬರ್ಬೇಡಿ." ಗ್ರೂಪಿನ ಹೆಸರಿನ ಪಕ್ಕದಲ್ಲಿ ಅಡ್ಡಗೆರೆ ಎಳೆದ ಸಣ್ಣ ಗಂಟೆಯ ಗುರುತು. ಅಲ್ಲೇ ಕೂತೆ. ನಲ್ಲಿ ನೀರು ಪ್ಯಾಂಟಿನ ಮೇಲೆ ಹರಿಯುತ್ತಿದ್ದದ್ದು ಎಷ್ಟೋ ಹೊತ್ತಿನ ಮೇಲೆ ತಿಳಿಯಿತು.

ಆಗ ನಾನು ಮಾಡಿದ ಕೆಲಸವನ್ನು ಬರೆಯಲಿಕ್ಕೆ ಕೈ ಬರುವುದಿಲ್ಲ. ಆ ಗಂಟೆಯ ಗುರುತನ್ನು ತೆಗೆದೆ. ಸದ್ದು ಮೊದಲಿನ ಹಾಗೆ ಮಾಡಿದೆ. ಮುಖ ತೊಳೆದುಕೊಂಡು ಒಳಗೆ ಬಂದೆ. ಆಗಲೇ ಗ್ರೂಪಿನಲ್ಲಿ ಅಕ್ಕನ ವಿಷಯವೇ ಬರತೊಡಗಿತ್ತು. ಜೇಬಿನಲ್ಲಿ ಠಣ್, ಠಣ್ ಎನ್ನುತ್ತಿತ್ತು.

ಅಕ್ಕನ ತೊಡೆಯ ಮೂಳೆಗೆ ಹಾಸನದಲ್ಲಿ ರಾಡು ಹಾಕಿದರು. ಅವಳಿಗೆ ಎಚ್ಚರ ಆದ ಮೇಲೆ ಕೇಳಿದ ಮೊದಲನೇ ಮಾತು, "ಬ್ಯಾರೆ ಯಾರ್ಗಾದ್ರೂ ಏನಾದ್ರೂ ಆಯ್ತೇನೋ?" ಇಲ್ಲ ಅಂದೆ. ಎರಡನೆಯದು ಫೋನು. ಕೊಟ್ಟೆ. ಅವಳು ಆ ಮೆಸೇಜನ್ನು ಹಾಕಿ ಕೇಳಿದಳು. ಮತ್ತೆ ಹಾಕಿದಳು.

"ಬಂದೈತೆ ಕಣೋ" ಅಂದಳು. "ನಂಗ್ ಕೇಳ್ಸೇ ಇಲ್ವಲ್ಲೋ!"

ನಾನು ಕಿಟಕಿಯ ಆಚೆ ನೋಡಿದೆ.

ಮನೆಗೆ ಬಂದ ಮೇಲೆ ಹೆಂಗಸರು ನೋಡಲು ಬಂದರು. ಬಾಳೆಹಣ್ಣು ತಂದರು, ಅತ್ತರು. ದೊಡ್ಡವ್ವ ಮಾತ್ರ ನಗಿಸುವವಳ ಹಾಗೆ, "ಕಿವೀಗೇನ್ ಹತ್ತಿ ತುರುಕ್ಕಂಡಿದ್ದೇನೇ ಅವತ್ತು, ಕಿವುಡಿ?" ಅಂದುಬಿಟ್ಟಳು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಹೋಗುವಾಗ ಒಬ್ಬಳು, ಇನ್ನು ಮೇಲೆ ಮೆಸೇಜು ಕೇಳಲು ತನ್ನ ಸೊಸೆಗೆ ಹೊಸ ಫೋನು ಕೊಡಿಸಿರುವುದಾಗಿ ಹೇಳಿದಳು. ಅಕ್ಕ "ಒಳ್ಳೇದಾಯ್ತು ಬುಡು" ಅಂದಳು.

ಆ ರಾತ್ರಿಯಿಂದ ಅವಳು ಫೋನನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳತೊಡಗಿದಳು. ಗಡಿಯಾರದ ಸದ್ದು ಕೇಳುತ್ತದೋ ಇಲ್ಲವೋ ಎಂದು ಒಂದೊಂದೇ ಕಿವಿ ಮುಚ್ಚಿ ನೋಡಿಕೊಳ್ಳುವಳು. ನನ್ನನ್ನು ಬಾಗಿಲ ಆಚೆ ನಿಲ್ಲಿಸಿ, "ಮೆಲ್ಲುಕ್ ಏನಾದ್ರೂ ಅನ್ನು" ಎನ್ನುವಳು. ನಾನು ಅನ್ನುತ್ತಿದ್ದೆ. ಅವಳಿಗೆ ಎಲ್ಲ ಕೇಳುತ್ತಿತ್ತು. ಆದರೂ ನಂಬುತ್ತಿರಲಿಲ್ಲ. ಕಾಲು ತೋರಿಸಲು ಹಾಸನಕ್ಕೆ ಹೋದ ದಿನ, ಕಿವಿ ಡಾಕ್ಟರಿಗೂ ತೋರಿಸಲೇಬೇಕು ಎಂದು ಹಟ ಹಿಡಿದಳು. ನಾನೇ ಚೀಟಿ ಮಾಡಿಸಿದೆ. ಕಿವಿಗೆ ಇಯರ್‌ಫೋನು ಹಾಕಿ, ಸದ್ದು ಕೇಳಿದಾಗ ಕೈ ಎತ್ತಲು ಹೇಳಿದರು. ಗಾಜಿನ ಆಚೆ ಅಕ್ಕ ಸ್ಕೂಲು ಮಗುವಿನ ಹಾಗೆ ಕೈ ಎತ್ತುತ್ತ ಇಳಿಸುತ್ತ ಕೂತಿದ್ದಳು. ನನಗೆ ನೋಡಲಾಗಲಿಲ್ಲ.

ಡಾಕ್ಟರು, "ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ ಕಣಮ್ಮ" ಎಂದು ನಕ್ಕರು.

ಹೊರಗೆ ಬೆಂಚಿನ ಮೇಲೆ ಕೂತ ಅಕ್ಕನಿಗೆ ಸಂತೋಷವಾಗಲಿಲ್ಲ. ಹೆದರಿಕೊಂಡಿದ್ದಳು. "ಕಿವಿ ಸರ್ಯಾಗೈತಂತೆ. ಹಂಗಾರೆ ತಲೆಗೇ ಏನೋ ಆಗೈತೆ ಕಣೋ. ಕೇಳ್ಸಿದ್ದೂ ನೆಪ್ಪಿರಲ್ಲ ನಂಗೆ."

ಆಗ ಹೇಳಿದೆ. ಹಾಡು, ಮೋರಿ ಕಟ್ಟೆ, ಸದ್ದು ಮುಚ್ಚಿದ್ದು, ನಲ್ಲಿಯ ಹತ್ತಿರ ಸರಿ ಮಾಡಿದ್ದು, ಎಲ್ಲ.

ಅವಳು ಬಾಯಿ ಸ್ವಲ್ಪ ತೆರೆದುಕೊಂಡು ನನ್ನನ್ನೇ ನೋಡಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಊರುಗೋಲು ಎಳೆದುಕೊಂಡು, ನಾನು ಹಿಡಿಯಲು ಹೋದ ಕೈಯನ್ನು ದೂಡಿ, ಬಸ್ ಸ್ಟ್ಯಾಂಡಿಗೆ ಹೋಗುವ ಆಟೋ ಹತ್ತಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಬೆಳಗೋಡು ಹತ್ತಿರ ಬಂದಾಗ, ನನ್ನ ಕಡೆ ನೋಡದೆ ಕೇಳಿದಳು:

"ಸದ್ದು ಮುಚ್ಚಿದ್ದು ಮರ್ತೆ ಅಂದೆ. ಆಗ್ಲಿ. ಆಸ್ಪತ್ರೇಲಿ ಆ ಗುರುತು ತಗದಿದ್ದು?"

ನಾನು ಇಳಿಯಲು ಚೀಲ ಎತ್ತಿಕೊಂಡೆ. ಅಕ್ಕನೇ ಅಂದಳು:

"ನಾಳೆ ಗೇಟ್ ಹತ್ರ ಹೋಗಿ ಎಲ್ರಿಗೂ ನೀನೇ ಹೇಳು."

ಹೋದೆ. ಹೆಂಗಸರು ತಲೆಗೆ ಟವಲು ಸುತ್ತಿಕೊಂಡು, ಕೊಯ್ಯುವ ಚೀಲ ಸೊಂಟಕ್ಕೆ ಕಟ್ಟಿಕೊಳ್ಳುತ್ತ ನಿಂತಿದ್ದರು. ಎಲ್ಲವನ್ನೂ ಹೇಳಿ ಮುಗಿಸಿದೆ. ಹೊಸ ಫೋನಿನ ಸೊಸೆ ತನ್ನ ಫೋನನ್ನು ತೆಗೆದು ಗ್ರೂಪಿನ ಸದ್ದು ಇದೆಯೋ ಎಂದು ನೋಡಿಕೊಂಡಳು. ದೊಡ್ಡವ್ವ ಎರಡು ಕೈಯನ್ನೂ ಬಾಯಿಯ ಮೇಲೆ ಇಟ್ಟುಕೊಂಡಳು.

"ಅಯ್ಯೋ ಪಾಪಿ! ಹೊಟ್ಟೇಲೇ ಇಟ್ಕಂಡು ಕೂತಿದ್ಯಲ್ಲೋ ಇದನ್ನ! ಅವಳನ್ನ ಕಿವುಡಿ ಅಂದ್ಬುಟ್ನಲ್ಲೋ ನಾನು, ಅವಳ್ ಮುಂದೇನೇ ಅಂದ್ಬುಟ್ನಲ್ಲೋ!"

ಇನ್ನೊಬ್ಬಳು ನನ್ನ ಮೇಲೆ ಕೈ ಮಾಡಲು ಬಂದಳು. ರೈಟರ್ ತಡೆದರು, ಆದರೆ ಅವರೂ ನನ್ನ ಮುಖ ನೋಡಲಿಲ್ಲ.

ಸಂಜೆ ಕಣದಿಂದ ಬಂದಾಗ ಅಕ್ಕ ಬಾಗಿಲಲ್ಲಿ ಕಾಲು ಚಾಚಿಕೊಂಡು ಸೊಪ್ಪು ಬಿಡಿಸುತ್ತಿದ್ದಳು.

"ಹೇಳ್ದಾ?"

"ಹೇಳ್ದೆ."

"ಬೈದ್ರಾ?"

"ಬೈದ್ರು."

"ಇವತ್ತು ಇಬ್ರು ಕೆಲ್ಸಕ್ ಬಂದಿರ್ಲಿಲ್ಲ, ಗೊತ್ತಾ ನಿಂಗೆ? ಒಬ್ಳಿಗೆ ಜ್ವರ, ಒಬ್ಳು ತೌರಿಗೆ ಹೋಗವ್ಳೆ."

ಗೊತ್ತಿಲ್ಲ ಅಂದೆ.

"ಅವ್ರಿಗೂ ಹೇಳ್ಬೇಕು" ಅಂದು ಅಕ್ಕ ಸೊಪ್ಪಿನ ಕಡ್ಡಿ ಮುರಿದಳು.

ಜ್ವರ ಬಂದವಳ ಮನೆಗೆ ಆವತ್ತೇ ಹೋದೆ. ಇನ್ನೊಬ್ಬಳು ತೌರೂರು ಹೆತ್ತೂರಿನಿಂದ ವಾಪಸ್ ಬರಲು ತಡ ಮಾಡಿದಳು. ಅವಳು ಬರುವವರೆಗೆ ದಿನಾ ಸಂಜೆ ಅಕ್ಕ ಒಂದೇ ಮಾತು ಕೇಳುತ್ತಿದ್ದಳು, "ಬಂದ್ಲಾ?"