ಪಿಸುಮಾವನ ಕಣ್ಣಳತೆ

ಪಿಸುಮಾವ ನಾಟಕ ಕಂಪನಿ ಸೇರಿದ್ದು ನಟನಾಗಬೇಕೆಂದು. ಮೊದಲ ಸಲ ಸಿಕ್ಕಿದ್ದು ದೂತನ ಪಾತ್ರ. ಓಡಿ ಬಂದು, ಮಂಡಿಯೂರಿ, "ಪ್ರಭು, ಶತ್ರುಗಳು ಬಂದರು" ಎಂದು ಕೂಗಬೇಕು, ಅಷ್ಟೆ. ಓಡೇನೋ ಬಂದ, ಮಂಡಿಯನ್ನೂ ಊರಿದ. ಎದುರಿಗೆ ಕತ್ತಲಲ್ಲಿ ಕಿಕ್ಕಿರಿದು ಕೂತ ಜನರನ್ನು ಕಂಡದ್ದೇ ತಡ, ಎದ್ದು ಹೋಗಿ ಆ ಸುದ್ದಿಯನ್ನು ರಾಜನ ಕಿವಿಯಲ್ಲಿ ಗುಟ್ಟಾಗಿ ಹೇಳಿಬಿಟ್ಟ. ಶತ್ರುಗಳು ಬಂದ ವಿಷಯ ರಾಜನೊಬ್ಬನಿಗೆ ಬಿಟ್ಟು ಇನ್ಯಾರಿಗೂ ತಿಳಿಯದೆ ನಾಟಕ ಮುಂದುವರಿಯಿತು.

ಕಂಪನಿಯ ಯಜಮಾನಿ ಬೈಯಲಿಲ್ಲ. ರಾಜನ ಪಾತ್ರದವನನ್ನು ಕರೆದು, "ಅವನು ಹೇಳಿದ್ದು ಕೇಳಿಸ್ತಾ?" ಎಂದಳು.

"ಒಂದೊಂದು ಅಕ್ಷರವೂ ಕೇಳಿಸ್ತು."

"ಹಾಗಾದ್ರೆ ಇವನು ಇರಬೇಕಾದ್ದು ಪರದೆ ಹಿಂದೆ."

ಅಂದಿನಿಂದ ಅವನು ಕಂಪನಿಯ ಪ್ರಾಂಪ್ಟರ್. ರಂಗದ ಎಡಬದಿಯಲ್ಲಿ ಅರಮನೆಯ ಗೋಡೆ ಬರೆದ ಪರದೆಯ ಮರೆಯಲ್ಲಿ ಒಂದು ಮೋಟು ಸ್ಟೂಲು, ತಗಡಿನ ಮುಚ್ಚಳದ ಪುಟ್ಟ ದೀಪ, ತೊಡೆಯ ಮೇಲೆ ನಾಟಕದ ಕೈಬರಹದ ಪ್ರತಿ. ನಟರು ಮಾತು ಮರೆತರೆ ಮೆಲ್ಲಗೆ ಎತ್ತಿಕೊಡಬೇಕು. ಕೆಲಸ ಕೇಳಲು ಸುಲಭ, ಆದರೆ ಒಮ್ಮೆ ಪುಟ ನೋಡಬೇಕು, ಒಮ್ಮೆ ನಟನ ಮುಖ ನೋಡಬೇಕು, ಮತ್ತೆ ಪುಟ, ಮತ್ತೆ ಮುಖ. ಯಾರ ಗಂಟಲಮಣಿ ಮೇಲೆ ಹತ್ತಿ ಅಲ್ಲೇ ನಿಂತಿತೋ ಅವನಿಗೆ ಮಾತು ಮರೆತಿದೆ ಎಂದು ಪಿಸುಮಾವನಿಗೆ ಗೊತ್ತಾಗುತ್ತಿತ್ತು. ಕಂಪನಿಯ ಹಿರಿಯರು ಕಿರಿಯರೆಲ್ಲ ಅವನನ್ನು ಮಾವ ಎಂದೇ ಕರೆದರು. ಪಿಸುಗುಟ್ಟುವ ಮಾವ, ಪಿಸುಮಾವ.

ಅವನನ್ನು ಎಲ್ಲರಿಗಿಂತ ಹೆಚ್ಚು ನೆಚ್ಚಿಕೊಂಡವನು ರಾಜನ ಪಾತ್ರದವನೇ. ಈತನನ್ನು ಎಲ್ಲರೂ ದೊರೆ ಎನ್ನುತ್ತಿದ್ದರು. ಭಾರಿ ಆಳು, ಗುಡುಗಿನಂಥ ದನಿ, ಮೀಸೆ ಸ್ವಂತದ್ದು. ಮಾತು ಬಾಯಿಪಾಠ ಮಾಡುವ ಅಭ್ಯಾಸ ಮಾತ್ರ ಇರಲಿಲ್ಲ. "ಓದೋದು ಗುಮಾಸ್ತರ ಕೆಲಸ" ಎನ್ನುತ್ತಿದ್ದ. ಪಿಸುಮಾವ ಎಡಗಿವಿಗೆ ಹಾಕಿದ್ದನ್ನು ಬಾಯಿಂದ ಗುಡುಗುವುದು, ಅಷ್ಟೇ ಅವನ ಪದ್ಧತಿ. ನಡುವೆ ತಲೆಯನ್ನು ಎಳೆದುತರುತ್ತಿರಲಿಲ್ಲ.

ವರ್ಷಗಳು ಹೀಗೇ ಕಳೆದು, ಪಿಸುಮಾವನಿಗೆ ಐವತ್ತು ಹತ್ತಿರ ಬಂದಾಗ ಅಕ್ಷರಗಳು ಮೊಂಡಾಟ ಶುರುಮಾಡಿದವು. ಮೊದಲು ದೀಪವನ್ನು ಬೈದ. ಆಮೇಲೆ ಶಾಯಿಯನ್ನು. ಆಮೇಲೆ ಪ್ರತಿ ಬರೆದವನ ಕೈಯನ್ನು. ಹೆಂಡತಿ ಅದೇ ಕಂಪನಿಯಲ್ಲಿ ಉಡುಪು ಹೊಲಿಯುವವಳು. ಸೂಜಿಗೆ ದಾರ ಪೋಣಿಸಲು ಆಗಲೇ ಕನ್ನಡಕ ಹಾಕಿಕೊಂಡಿದ್ದಳು.

"ರೀ, ದೀಪಕ್ಕೆ ಏನೂ ಆಗಿಲ್ಲ. ನನ್ನ ಹಾಗೆ ನಿಮಗೂ ವಯಸ್ಸಾಯ್ತು."

"ನಿನಗೆ ಆಗಿರಬಹುದು" ಎಂದ ಪಿಸುಮಾವ. ಆ ದಿನ ಊಟ ತಣ್ಣಗಿತ್ತು.

ಪ್ರತಿಯನ್ನು ದೂರ ಹಿಡಿದಷ್ಟೂ ಅಕ್ಷರ ತಿಳಿಯಾಗುತ್ತಿತ್ತು, ಕೈಯೇ ಸಾಲುತ್ತಿರಲಿಲ್ಲ. ಒಂದು ಸಂಜೆ ರಾಣಿ ಪ್ರಾಣ ಬಿಡುವ ದೃಶ್ಯ. ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅರಮನೆಯ ಗೋಡೆಯೊಳಗಿಂದ ಎರಡು ಕೈಗಳೂ ಒಂದು ಪುಸ್ತಕವೂ ನಿಧಾನವಾಗಿ ಹೊರಬಂದವು. ಮುಂದಿನ ಸಾಲಿನಲ್ಲಿದ್ದ ಮಗುವೊಂದು, "ಅಮ್ಮಾ, ಗೋಡೆ ಓದ್ತಾ ಇದೆ!" ಎಂದು ಕೂಗಿತು. ರಾಣಿ ನಗು ತಡೆಯಲಾರದೆ ಬೇಗ ಸತ್ತಳು.

ನಿಜವಾದ ಅನಾಹುತ ಆದದ್ದು ಮರುವಾರ. ಮುತ್ತಿಗೆಯ ದೃಶ್ಯ. ದೊರೆ ಎದೆ ಮುಟ್ಟಿಕೊಂಡು, ಎಂದಿನಂತೆ ಎಡಗಿವಿ ಪರದೆಯತ್ತ ತಿರುಗಿಸಿ ನಿಂತ. ಪಿಸುಮಾವ ಪುಟ ನೋಡಿದ. ಅಕ್ಷರಗಳ ತಲೆ ಮೇಲೆಲ್ಲ ಹೊಗೆ ಆಡಿದ ಹಾಗಿತ್ತು. ಎತ್ವ ಯಾವುದು, ಕೊಂಬು ಯಾವುದು ತಿಳಿಯದೆ ಕಂಡಷ್ಟನ್ನು ಹೇಳಿದ.

ದೊರೆ ಗುಡುಗಿದ: "ಪ್ರಾಣ ಬಿಟ್ಟೇನು, ಈ ಕೋಟು ಬಿಡೆನು!"

ಕೋಟೆ ಹೋಗಿ ಕೋಟು ಆಗಿತ್ತು. ಕೈ ಬೇರೆ ಸರಿಯಾಗಿ ಜರಿ ಕೋಟಿನ ಮೇಲೆಯೇ ಇತ್ತು. ಸಭೆ ಗೊಳ್ಳೆಂದಿತು. ದೊರೆಗೆ ಕಾರಣ ಹೊಳೆಯದೆ, ತನ್ನ ಶೌರ್ಯಕ್ಕೇ ಜನ ಮೆಚ್ಚಿದರೆಂದುಕೊಂಡು ದನಿ ಇನ್ನಷ್ಟು ಏರಿಸಿದ: "ತನ್ನಿ! ನನ್ನ ಕತ್ತೆಯನ್ನು ತನ್ನಿ!"

ಎರಡೂ ಕೈಯಿಂದ ಕತ್ತಿ ಹಿಡಿದು ಬಂದ ಸೇನಾಪತಿ ಅಲ್ಲೇ ನಿಂತ. ಕತ್ತಿ ನೋಡಿದ, ದೊರೆಯನ್ನು ನೋಡಿದ. "ಮಹಾಪ್ರಭು, ಸದ್ಯಕ್ಕೆ ಇದೇ ಇರೋದು" ಎಂದ.

ಪರದೆ ಬಿದ್ದ ಮೇಲೆ ಯಜಮಾನಿ ಪಿಸುಮಾವನ ಮುಂದೆ ಬಂದು ನಿಂತಳು. "ಕಣ್ಣು ತೋರಿಸ್ಕೊಂಡು ಬಾ. ಅಲ್ಲೀವರೆಗೆ ಈ ಸ್ಟೂಲಿನ ಮೇಲೆ ಕೂರಬೇಡ."

ಪಿಸುಮಾವನ ಸೋದರ ಸೊಸೆ, ಅಕ್ಕನ ಮಗಳು, ಕಣ್ಣಿನ ಆಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ಮರುದಿನ ಬೆಳಿಗ್ಗೆ ಅವಳ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಾಗ ಅವನಿಗೆ ಆ ದೂತನ ಪಾತ್ರದ ದಿನದ ಹೆದರಿಕೆಯೇ ಮರಳಿ ಬಂದಿತ್ತು. ಕಣ್ಣು ಹೋಯಿತು ಎಂದರೆ ಕೆಲಸವೂ ಹೋಯಿತು. ಅವನಿಗಿಂತ ಮೊದಲು ಒಳಗೆ ಹೋದ ಟೀಚರೊಬ್ಬರು ಪರೀಕ್ಷೆಯ ಚೀಟಿಯನ್ನು ಗಟ್ಟಿಯಾಗಿ ಓದುವುದು ಕೇಳಿಸುತ್ತಿತ್ತು: "ತೋಟದಲ್ಲಿ ಬಿಳಿ ಮೊಲವೊಂದು ಎಲೆ ತಿನ್ನುತ್ತಿತ್ತು. ನಾಯಿ ಬೊಗಳಿದ್ದೇ ಅದು ಬೇಲಿ ಹಾರಿತು." ಪಿಸುಮಾವನ ಕಿವಿ ಚುರುಕಾಯಿತು. ಒಮ್ಮೆ ಕೇಳಿದ ಮಾತು ಅವನ ತಲೆಯಲ್ಲಿ ಅಚ್ಚೊತ್ತಿದ ಹಾಗೆ ಕೂರುತ್ತಿತ್ತು.

ಅವನ ಸರದಿ ಬಂತು. ಸೊಸೆ ಗೋಡೆಯ ದೊಡ್ಡ ಅಕ್ಷರ ಓದಿಸಿದಳು. ದೂರದ್ದು ಸೊಗಸಾಗಿ ಕಂಡಿತು. ಆಮೇಲೆ ಮೊಳದುದ್ದದ ಕೋಲೊಂದನ್ನು ತಂದಳು. ಕೋಲಿನ ತುಂಬ ಅಳತೆಯ ಗೆರೆ, ಮೇಲೆ ಹಿಂದೆ ಮುಂದೆ ಜಾರುವ ಪುಟ್ಟ ಡಬ್ಬಿ, ಡಬ್ಬಿಯ ಒಂದೊಂದು ಮುಖಕ್ಕೂ ಒಂದೊಂದು ಚೀಟಿ. ಕೋಲಿನ ತುದಿಯನ್ನು ಅವನ ಕೆನ್ನೆಗೆ ಆನಿಸಿದಳು.

"ಮಾವ, ಚೀಟಿ ಹತ್ತಿರ ತರ್ತೀನಿ. ಓದ್ತಾ ಇರಿ. ಮಸುಕಾದ ತಕ್ಷಣ ಹೇಳಿ. ಎಷ್ಟು ಹತ್ತಿರದವರೆಗೆ ನಿಮ್ಮ ಕಣ್ಣು ಹಿಡಿಯುತ್ತೆ ಅಂತ ಅಳೆಯೋದು, ಅಷ್ಟೆ."

ಪಿಸುಮಾವ ಗಂಟಲು ಸರಿಮಾಡಿಕೊಂಡು ಶುರುಮಾಡಿದ. "ತೋಟದಲ್ಲಿ ಬಿಳಿ ಮೊಲವೊಂದು..." ಡಬ್ಬಿ ಹತ್ತಿರ ಬಂತು. ಮೊಲ ಎಲೆ ತಿಂದಿತು. ಇನ್ನೂ ಹತ್ತಿರ ಬಂತು. ನಾಯಿ ಬೊಗಳಿತು, ಅದಕ್ಕೆ ತಕ್ಕ ದನಿಯಲ್ಲೇ. ಡಬ್ಬಿ ಮೂಗಿಗೆ ತಾಗಿತು. ಮೊಲ ಬೇಲಿ ಹಾರಿತು.

ಸೊಸೆ ಕೋಲು ನೋಡಿದಳು, ಮಾವನನ್ನು ನೋಡಿದಳು. "ಇಷ್ಟು ಹತ್ತಿರ ಎಳೆ ಮಕ್ಕಳಿಗೂ ಕಾಣಲ್ಲ ಮಾವ!"

"ನಮ್ಮ ಮನೆತನದ ಕಣ್ಣೇ ಹಾಗೆ."

ಅವಳು ಡಬ್ಬಿಯನ್ನು ಇನ್ನೊಂದು ಮುಖಕ್ಕೆ ತಿರುಗಿಸಿ, ಮತ್ತೆ ದೂರದಿಂದ ತಂದಳು. ಪಿಸುಮಾವ ಚೀಟಿಯತ್ತ ನೋಡುವ ಗೋಜಿಗೆ ಹೋಗದೆ, ಇನ್ನಷ್ಟು ಭಾವ ತುಂಬಿ ಮೊಲಕ್ಕೆ ಎಲೆ ತಿನ್ನಿಸಿದ.

"ಮಾವ, ಮೊಲ ಹೋಗಿ ಆಗಲೇ ಹೊತ್ತಾಯ್ತು. ಈಗ ಇಲ್ಲಿರೋದು ರೈಲು."

ಪಿಸುಮಾವನ ಮುಖ ಇಳಿಯಿತು. "ಕನ್ನಡಕ ಅಂದ್ರೆ ನನ್ನನ್ನ ಕಂಪನಿಯಿಂದ ಕಳಿಸಿಬಿಡ್ತಾರೆ ಕಣಮ್ಮ" ಎಂದ, ಅವನ ಎಂದಿನ ಪಿಸುದನಿಯಲ್ಲಿ.

ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. "ಕಣ್ಣೊಳಗೆ ಒಂದು ಮಸೂರ ಇದೆ. ಹತ್ತಿರದ್ದು ನೋಡುವಾಗ ಅದು ಉಬ್ಬಬೇಕು, ದೂರದ್ದಕ್ಕೆ ಚಪ್ಪಟೆ ಆಗಬೇಕು. ವಯಸ್ಸಾದ ಹಾಗೆ ಗಡುಸಾಗುತ್ತೆ, ಉಬ್ಬೋಕೆ ಒಪ್ಪಲ್ಲ. ನಿಮಗೊಬ್ಬರಿಗಲ್ಲ, ಎಲ್ಲರಿಗೂ. ಇದು ಕಾಯಿಲೆನೂ ಅಲ್ಲ. ನೀವು ಸುಳ್ಳು ಹೇಳಿದ್ರೆ ನಾನು ಸುಳ್ಳು ಕನ್ನಡಕ ಕೊಡ್ತೀನಿ, ಆಗ ಕತ್ತೆ ಜೊತೆಗೆ ಕುದುರೇನೂ ಬರುತ್ತೆ."

ಕತ್ತೆಯ ಸುದ್ದಿ ಇಲ್ಲಿಗೂ ಬಂದಿದೆ ಎಂದು ತಿಳಿದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಕೋಲು ಮತ್ತೆ ಕೆನ್ನೆಗೆ ಬಂತು. ಡಬ್ಬಿ ಅರ್ಧ ದಾರಿಯನ್ನೂ ದಾಟಿರಲಿಲ್ಲ, ಪಿಸುಮಾವ "ಮಸುಕು" ಎಂದ. ಹೇಳಿದ ಮೇಲೆ ಯಾಕೋ ಹಗುರಾಯಿತು.

ಮೇಲರ್ಧ ದೂರಕ್ಕೆ, ಕೆಳಗರ್ಧ ಓದಲು, ಹೀಗೆ ಎರಡು ಭಾಗದ ಕನ್ನಡಕ ಬಂತು. ಮೊದಲು ಕೆಲವು ದಿನ ಮೆಟ್ಟಿಲುಗಳು ಇದ್ದ ಕಡೆ ಇರಲಿಲ್ಲ. ಹೆಂಡತಿಯ ಚಪ್ಪಲಿಗೆ ಎಡವಿ, ಅದಕ್ಕೆ ಕ್ಷಮೆ ಕೇಳಿದ. ಆದರೆ ಸ್ಟೂಲಿನ ಮೇಲೆ ಕೂತಾಗ ಎಲ್ಲ ಸರಿಹೋಯಿತು. ಕಣ್ಣು ತಗ್ಗಿಸಿದರೆ ಪುಟ, ಎತ್ತಿದರೆ ದೊರೆಯ ಗಂಟಲು. ಕೋಟೆ ಮತ್ತೆ ಕೋಟೆಯಾಯಿತು. ಯಜಮಾನಿ ಪರದೆಯ ಪಕ್ಕ ಹಾದುಹೋಗುತ್ತ, "ಕನ್ನಡಕ ಒಪ್ಪುತ್ತೆ" ಎಂದಳು, ಅಷ್ಟೆ.

ಒಂದು ಮಧ್ಯಾಹ್ನ ಪಿಸುಮಾವ ಬಣ್ಣದ ಕೋಣೆಯಲ್ಲಿ ಒಬ್ಬನೇ ಇದ್ದಾಗ ದೊರೆ ಬಂದು ಬಾಗಿಲು ಹಾಕಿಕೊಂಡ.

"ಪಿಸುಮಾವ, ನಿನ್ನ ಕನ್ನಡಕ ಸ್ವಲ್ಪ ಕೊಡು. ಮುಂದಿನ ನಾಟಕದಲ್ಲಿ ಮಂತ್ರಿಗೆ ಹೊಂದುತ್ತಾ ನೋಡೋಣ."

ಹಾಕಿಕೊಂಡ. ಕನ್ನಡಿಯಲ್ಲಿ ಮೀಸೆ ನೋಡಿಕೊಂಡ. ಆಮೇಲೆ ತಾನು ದಿನವೂ ಮುಖಕ್ಕೆ ಬಳಿಯುವ ಪೌಡರಿನ ಡಬ್ಬಿ ಎತ್ತಿ ಓದಿದ. ತುಟಿ ಅಲ್ಲಾಡಿತು. "ಇದು... ಕಾಲುಬೆರಳ ಸಂದಿನ ತುರಿಕೆಗೆ ಅಂತ ಬರೆದಿದೆಯಲ್ಲೋ!"

"ಎಷ್ಟು ದಿನದಿಂದ ಹಚ್ತಿದ್ದೀರಿ?"

"ಕೇಳಬೇಡ." ದೊರೆ ಅಲ್ಲಿದ್ದ ಕುರ್ಚಿಯ ಮೇಲೆ ಕುಸಿದ. ಗುಡುಗು ದನಿ ತಗ್ಗಿತು. "ಎಲ್ಲರೂ ನನ್ನನ್ನ ಸೋಮಾರಿ ಅಂತಾರೆ. ಮಾತು ಕಲಿಯಲ್ಲ ಅಂತಾರೆ. ಕಂಡರೆ ತಾನೇ ಕಲಿಯೋದು? ರಾಜ ಕನ್ನಡಕ ಹಾಕ್ಕೊಂಡ್ರೆ ಜನ ಏನಂತಾರೆ ಅಂತ ಸುಮ್ಮನಿದ್ದೆ."

ಪಿಸುಮಾವ ನಗಲಿಲ್ಲ. ಮರುದಿನ ಅವನೇ ಕೈಹಿಡಿದು ಸೊಸೆಯ ಹತ್ತಿರ ಕರೆದುಕೊಂಡು ಹೋದ. ಅವಳು ಕೋಲಿಟ್ಟು, ಡಬ್ಬಿಯನ್ನು ಕೋಲಿನ ಕಟ್ಟಕಡೆಗೆ ತಳ್ಳಿದಳು. ದೊರೆಗೆ ಅಲ್ಲೂ ಹೊಗೆಯೇ.

"ಕೋಲು ಮುಗಿದುಹೋಯ್ತು ಸರ್" ಎಂದಳು. "ನಿಮಗೆ ಚೀಟಿ ಕಾಣಬೇಕಾದ್ರೆ ಪಕ್ಕದ ಕೋಣೆಗೆ ತಗೊಂಡು ಹೋಗ್ಬೇಕು."

ಕನ್ನಡಕ ಬಂದದ್ದೇ ದೊರೆಗೆ ಓದುವ ಹುಚ್ಚು ಹಿಡಿಯಿತು. ಔಷಧಿ ಸೀಸೆ, ಬಸ್ ಟಿಕೆಟು, ಅಂಗಿಯ ಕಾಲರಿನ ಚೀಟಿ, ಏನನ್ನೂ ಬಿಡಲಿಲ್ಲ. ನಾಟಕವನ್ನಂತೂ ಪೂರ್ತಿ ನುಂಗಿದ. ತನ್ನದಷ್ಟೇ ಅಲ್ಲ, ಎಲ್ಲರ ಮಾತನ್ನೂ. ತೊಂದರೆ ಶುರುವಾದದ್ದು ಅಲ್ಲೇ. ಸೇನಾಪತಿ ಉಸಿರೆಳೆದುಕೊಳ್ಳಲು ನಿಂತರೆ ದೊರೆ ಅವನ ಮಾತನ್ನೂ ಗುಡುಗಿಬಿಡುತ್ತಿದ್ದ. ದಾಸಿ ಬಾಯಿ ತೆರೆಯುವ ಮೊದಲೇ "ಅಮ್ಮಾವ್ರೇ, ಹೂ ತಂದೆ" ಎನ್ನುತ್ತಿದ್ದ, ಆ ಮೀಸೆಯಲ್ಲೇ. ರಾಣಿ ಪ್ರಾಣ ಬಿಡುವಾಗ ಸುಸ್ತಾದವಳಂತೆ ತಡೆತಡೆದು ಮಾತಾಡಬೇಕು. ಅವಳು ತಡೆದದ್ದೇ ತಪ್ಪಾಯಿತು, "ಸ್ವಾಮೀ, ನಾನಿನ್ನು ಹೊರಟೆ" ಎಂದು ದೊರೆಯೇ ಕಣ್ಣು ಮುಚ್ಚಿದ.

ಎಡಗಿವಿಗೆ ಮೆಲ್ಲನೆಯ ದನಿ ಬಂತು: "ದೊರೆ, ಸಾಯೋದು ನೀವಲ್ಲ, ರಾಣಿ."

ಪಿಸುಮಾವನಿಗೆ ಈಗ ಮೊದಲಿಗಿಂತ ಹೆಚ್ಚು ಕೆಲಸ. ಸಂಜೆಯುದ್ದಕ್ಕೂ "ಸುಮ್ಮನಿರಿ", "ಅದು ನಿಮ್ಮದಲ್ಲ", "ಇನ್ನೂ ತಡೀರಿ" ಎಂದು ಪಿಸುಗುಟ್ಟಿ ಗಂಟಲು ಕಟ್ಟುತ್ತದೆ. ಮನೆಗೆ ಬಂದ ಮೇಲೆ ಹೆಂಡತಿ ಬಿಸಿನೀರು ಕೊಟ್ಟು, ಕನ್ನಡಕದ ಮೇಲಿಂದ ಅವನನ್ನು ನೋಡಿ, "ಆ ಮಹಾರಾಯನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ ನಿಮಗೆ ಯಾರು ಹೇಳಿದ್ದು?" ಎನ್ನುತ್ತಾಳೆ. ಪಿಸುಮಾವ ನೀರು ಕುಡಿಯುತ್ತ ಕೈಯಲ್ಲೇ ಸನ್ನೆ ಮಾಡುತ್ತಾನೆ, ನಾಳೆಗೆ ದನಿ ಉಳಿಸಿಕೊಳ್ಳಬೇಕು.