ಫೈಬರ್ ಮನೆಯ ಮಾಳಮ್ಮ

ಕಿಣ್ಣಿ ಸುಲ್ತಾನದಲ್ಲಿ ಬಸ್ಸಿಳಿದವರು ಹುಲೆಪ್ಪನ ಮನೆ ಎಲ್ಲಿ ಎಂದು ಕೇಳಬೇಕಾಗಿರಲಿಲ್ಲ. ಪಡುವಣ ಓಣಿಗೆ ತಿರುಗಿದರೆ ಸಾಕು, ಮೂಗೇ ದಾರಿ ತೋರಿಸುತ್ತಿತ್ತು. ಸೀಮೆಎಣ್ಣೆಯೂ ಅಲ್ಲ, ಬಣ್ಣದ ವಾಸನೆಯೂ ಅಲ್ಲ, ಗಂಟಲಲ್ಲಿ ಸಿಹಿಯಾಗಿ ಅಂಟಿಕೊಳ್ಳುವ ಒಂದು ಘಾಟು. ಆ ಮನೆಯ ಹಿತ್ತಲಲ್ಲಿ ಜೀಪುಗಳಿಗೆ ಗಟ್ಟಿ ಟಾಪು, ಟ್ರ್ಯಾಕ್ಟರುಗಳಿಗೆ ಮಡ್‌ಗಾರ್ಡು, ಲಾರಿಯ ಮುಂಗಾಜಿನ ಮೇಲೆ ಕೂರುವ ಬಿಸಿಲುಮರೆ, ಎಲ್ಲವೂ ಫೈಬರಿನಲ್ಲಿ ತಯಾರಾಗುತ್ತಿದ್ದವು. ಆಳಂದ, ಅಫಜಲಪುರದ ಗಾಡಿಯವರು ‘ಹುಲೆಪ್ಪನ ಫೈಬರ್’ ಎಂದೇ ಹೆಸರು ಹಿಡಿದು ಬರುತ್ತಿದ್ದರು. ಆದರೆ 1988ರಿಂದ ಈಚೆಗೆ ಅಲ್ಲಿಂದ ಹೊರಬಿದ್ದ ಸಾಮಾನು ಹುಲೆಪ್ಪ ಮಾಡಿದ್ದಲ್ಲ. ಅವನ ಹೆಂಡತಿ ಮಾಳಮ್ಮ ಮಾಡಿದ್ದು.

ಹುಲೆಪ್ಪ ಈ ವಿದ್ಯೆ ಕಲಿತದ್ದು ಸೊಲ್ಲಾಪುರದಲ್ಲಿ. ಹದಿನೆಂಟನೆಯ ವಯಸ್ಸಿಗೆ ಕೆಲಸ ಹುಡುಕಿಕೊಂಡು ಹೋದವನು ಅಲ್ಲಿ ಒಂದು ಶೆಡ್ಡಿನಲ್ಲಿ ಹತ್ತು ವರ್ಷ ದುಡಿದ. ಗಾಡಿಯ ಅಳತೆಗೆ ತಕ್ಕಂತೆ ಕಟ್ಟಿಗೆ, ಪ್ಲಾಸ್ಟರಿನಲ್ಲಿ ಅಚ್ಚು ಕಟ್ಟುವುದು, ಅಚ್ಚಿಗೆ ಮೇಣ ತಿಕ್ಕುವುದು, ಅದರ ಮೇಲೆ ಗಾಜಿನ ನಾರಿನ ಮ್ಯಾಟು ಹಾಸುವುದು, ಜೇನಿನಂಥ ರೆಸಿನ್‌ಗೆ ಗಟ್ಟಿ ಮಾಡುವ ಔಷಧ ಬೆರೆಸಿ ಬ್ರಷ್ಷಿನಿಂದ ಕುಡಿಸುವುದು. ಒಣಗಿದ ಮೇಲೆ ಬಿಡಿಸಿ ತೆಗೆದರೆ ತಗಡಿಗಿಂತ ಹಗುರಾದ, ತುಕ್ಕು ಹಿಡಿಯದ ಸಾಮಾನು. 1984ರಲ್ಲಿ ಆ ಶೆಡ್ಡು ಮುಚ್ಚಿದಾಗ ಊರಿಗೆ ಬಂದು ಹಿತ್ತಲಲ್ಲೇ ಶುರು ಮಾಡಿದ. ಊರವರು ಮೊದಲು ನಕ್ಕರು, ಆಮೇಲೆ ಅಳತೆ ಕೊಡಲು ಸಾಲಾಗಿ ನಿಂತರು.

ಮಾಳಮ್ಮ ನೆಲೋಗಿಯವಳು. ಜೇವರ್ಗಿಗೆ ಬಸ್ಸಿನಲ್ಲಿ ಓಡಾಡಿ ಹತ್ತನೆಯ ಇಯತ್ತೆ ಪಾಸಾದವಳು. ಅವರ ಓಣಿಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದಳು. ಒಬ್ಬಳು ಮಗಳು, ಮಲ್ಕಮ್ಮ. 1987ರಲ್ಲಿ ಕಿಣ್ಣಿ ಸುಲ್ತಾನಕ್ಕೆ ಅಂಗನವಾಡಿ ಬಂತು. ಓದಿದವಳು ಎಂದು ಮಾಳಮ್ಮನಿಗೇ ಆರ್ಡರು ಬಂತು. ಮೇಲ್ವಿಚಾರಕಿ ಸುಮಿತ್ರಾಬಾಯಿ ತಾವೇ ಬಂದು ತೂಕದ ತಕ್ಕಡಿ, ಬಣ್ಣದ ಚಿತ್ರಗಳ ಪಟ ಒಪ್ಪಿಸಿ ಹೋದರು. ಇಪ್ಪತ್ತೆರಡು ಮಕ್ಕಳು. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು ಓಣಿಯಲ್ಲಿ ನಡೆದು ಹೋಗುತ್ತಿದ್ದ ಆ ಕೆಲವು ತಿಂಗಳುಗಳನ್ನು ಮಾಳಮ್ಮ ಮುಂದೆ ಯಾರ ಹತ್ತಿರವೂ ಹೆಚ್ಚು ಮಾತಾಡಲಿಲ್ಲ.

ಮರುವರ್ಷ ಹುಲೆಪ್ಪನ ಕೈ ಕೆಟ್ಟವು. ಮೊದಲು ಬೆರಳ ಸಂದಿಯಲ್ಲಿ ಗುಳ್ಳೆ, ಆಮೇಲೆ ಮೊಣಕೈವರೆಗೆ ಚರ್ಮ ಬಿರಿದು ನೀರು ಸೋರತೊಡಗಿತು. ಕೊನೆಗೆ ರೆಸಿನ್ ಡಬ್ಬಿಯ ಮುಚ್ಚಳ ತೆರೆದರೇ ಕಣ್ಣು ಬಾತು ಮುಚ್ಚುತ್ತಿದ್ದವು. ಗುಲ್ಬರ್ಗಾದ ಚರ್ಮದ ಡಾಕ್ಟರು ನೋಡಿ, ಇದು ಮೈಯೇ ಆ ಔಷಧದ ಮೇಲೆ ಸಿಟ್ಟಾಗಿರುವುದು, ಮುಲಾಮಿನಿಂದ ಹೋಗುವಂಥದ್ದಲ್ಲ, ಕೆಲಸ ಬಿಡಬೇಕು ಎಂದರು. ಆಗ ಭೂಸನೂರ ಕಡೆಯ ಕಬ್ಬಿನ ರೈತರಿಗೆ ಎಂಟು ಟ್ರ್ಯಾಕ್ಟರಿನ ಮಡ್‌ಗಾರ್ಡು ಮಾಡಿಕೊಡುವ ಮಾತಾಗಿತ್ತು. ಕಬ್ಬಿನ ಹಂಗಾಮು ಹತ್ತಿರ ಬಂದಿತ್ತು.

“ಇದೊಂದು ಹಂಗಾಮು ನೀ ಮಾಡಿಕೊಡು. ಮುಂದ ಏನರ ದಾರಿ ನೋಡೂಣು,” ಎಂದ ಹುಲೆಪ್ಪ.

ಮಾಳಮ್ಮ ಒಪ್ಪಿದಳು. ಒಂದು ಹಂಗಾಮು ಎಂದಿದ್ದನಲ್ಲ.

ಪಡಸಾಲೆಯಿಂದ ಹಿತ್ತಲಿಗೆ ಇದ್ದ ಕಿಟಕಿಗೆ ಹುಲೆಪ್ಪ ಗಾಜು ಕೂಡಿಸಿ, ಘಾಟು ಒಳಗೆ ಬಾರದ ಹಾಗೆ ಸಂದಿಗಳಿಗೆ ಲಪ್ಪ ಮೆತ್ತಿದ. ಅದರ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಅವನು ಹೇಳಬೇಕು, ಹಿತ್ತಲಲ್ಲಿ ಅವಳು ಮಾಡಬೇಕು. ಕಲಿಯುವುದು ಸುಲಭವಿರಲಿಲ್ಲ. ರೆಸಿನ್‌ಗೆ ಹಾಕುವ ಔಷಧ ಎರಡು ಬಗೆ, ಒಂದು ನೇರಳೆ, ಒಂದು ನೀರಿನ ಬಣ್ಣದ್ದು. ಎರಡನ್ನೂ ನೇರವಾಗಿ ಒಂದಕ್ಕೊಂದು ಕೂಡಿಸಿದರೆ ಸಿಡಿದು ಹೊತ್ತಿಕೊಳ್ಳುತ್ತದೆ. ಅದನ್ನು ಅವನು ದಿನಕ್ಕೆ ಮೂರು ಸಲ ಹೇಳಿದ. ಬಿಸಿಲೇರಿದರೆ ಕಲಸಿದ ರೆಸಿನ್ ಬಕೀಟಿನಲ್ಲೇ ಕಲ್ಲಾಗುತ್ತಿತ್ತು. ಹೀಗಾಗಿ ಬೆಳಗಿನ ಐದಕ್ಕೇ ಕೆಲಸ ಶುರುವಾಗಬೇಕು. ಅವಳು ತಪ್ಪಿದಲ್ಲಿ ಅವನು ಗಾಜಿನ ಮೇಲೆ ಬೀಗದ ಕೈಯಿಂದ ಬಡಿಯುತ್ತಿದ್ದ. ಎಂಟು ಗಂಟೆಗೆ ಮಾಳಮ್ಮ ಮಿಂದು ಸೀರೆ ಬದಲಿಸಿ ಅಂಗನವಾಡಿಗೆ ಓಡುತ್ತಿದ್ದಳು.

ಮೂರನೆಯ ವಾರ ಮೌಲಾಲಿ ಎಂಬ ಮೂರು ವರ್ಷದ ಹುಡುಗ ಅವಳ ತೊಡೆಯ ಮೇಲೆ ಕೂತು ಅನ್ನ ಉಂಡ. ಸಂಜೆಗೆ ಅವನ ಹೊಟ್ಟೆ, ತೊಡೆ ಎಲ್ಲ ಕೆಂಪಗೆ ದದ್ದೆದ್ದು, ಮಗು ರಾತ್ರಿಯೆಲ್ಲ ಕೆರೆದುಕೊಂಡು ಅತ್ತಿತು. ಮರುದಿನ ಅವನ ಅಜ್ಜಿ ಸುಲ್ತಾನಬಿ ಬಂದಳು. ಜಗಳ ಮಾಡಲಿಲ್ಲ. ಮಾಳಮ್ಮನ ಸೀರೆಯ ನಿರಿಗೆಯನ್ನು ಬಿಸಿಲಿಗೆ ಹಿಡಿದು ತೋರಿಸಿದಳು. ಗಾಜಿನ ನಾರು ಕೂದಲಿಗಿಂತ ಸಣ್ಣಗೆ, ಸೂಜಿಯ ಹಾಗೆ ಬಟ್ಟೆಯ ಎಳೆಯೊಳಗೆ ಮಿನುಗುತ್ತಿದ್ದವು.

“ನಿನ್ನ ಮ್ಯಾಲ ನಂಗೇನೂ ಸಿಟ್ಟಿಲ್ಲವಾ. ಖರೆ, ಕೂಸಿನ್ನ ಹ್ಯಾಂಗ ಕಳಸಲಿ ಹೇಳು,” ಎಂದಳು.

ಮಾಳಮ್ಮ ಎರಡು ಸಲ ಮೀಯತೊಡಗಿದಳು. ಅಂಗನವಾಡಿಯ ಸೀರೆಯನ್ನು ನೆರೆಮನೆಯಲ್ಲಿಟ್ಟು ಅಲ್ಲೇ ಉಟ್ಟು ಹೋದಳು. ತಲೆಗೆ ಬಟ್ಟೆ ಕಟ್ಟಿಕೊಂಡು ಮ್ಯಾಟು ಕತ್ತರಿಸಿದಳು. ಆದರೂ ಇನ್ನೊಂದು ಕೂಸಿಗೆ ದದ್ದೆದ್ದಿತು. ಮಕ್ಕಳು ಹತ್ತಿರ ಬಂದರೆ ಅವಳೇ ಹಿಂದೆ ಸರಿಯುವ ಹಾಗಾಯಿತು. ಬಾಗಿಲ ಬಳಿ ನಿಂತು ದೂರದಿಂದ ಪಾಠ ಹೇಳುವ ಟೀಚರನ್ನು ಇಟ್ಟುಕೊಂಡು ಯಾರಿಗೆ ಏನು ಉಪಯೋಗ? ಮನೆಯ ಕೆಲಸ ಬಿಡುವ ಹಾಗಿರಲಿಲ್ಲ, ಹುಲೆಪ್ಪನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ರಾಜೀನಾಮೆ ಬರೆದುಕೊಟ್ಟಳು. ಸುಮಿತ್ರಾಬಾಯಿ ಅದನ್ನು ತೆಗೆದುಕೊಳ್ಳುವಾಗ, ಹತ್ತಿರದಲ್ಲಿ ಎಲ್ಲಾದರೂ ಜಾಗ ಖಾಲಿಯಾದರೆ ಕಾಗದ ಬರೆಯುತ್ತೇನೆ, ಆಗ ಈ ಘಾಟಿನ ಕೆಲಸ ಪೂರ್ತಿ ಬಿಟ್ಟು ಬಾ ಎಂದು ಹೇಳಿದರು.

ಹಂಗಾಮು ಮುಗಿಯಿತು. ಇನ್ನೊಂದು ಬಂತು. ಮಾಳಮ್ಮನ ಕೈಗೆ ಕೆಲಸ ಹತ್ತಿತು, ಗಾಜಿನ ಮೇಲೆ ಬೀಗದ ಕೈ ಬಡಿಯುವುದು ನಿಂತಿತು. ಎರಡನೆಯ ವರ್ಷಕ್ಕೆ ಅವಳು ಹುಲೆಪ್ಪನಿಗಿಂತ ತೆಳ್ಳಗೆ, ಅವನಿಗಿಂತ ನಯವಾಗಿ ಮಾಡುತ್ತಿದ್ದಳು. ಲಾರಿಯ ಬಿಸಿಲುಮರೆಯ ಮೇಲೆ ಉಬ್ಬು ಅಕ್ಷರದಲ್ಲಿ ದೇವರ ಹೆಸರು, ಮಾಲೀಕನ ಮಗಳ ಹೆಸರು, ಏನು ಕೇಳಿದರೂ ಅಚ್ಚಿನಲ್ಲೇ ಕೊರೆದು ತೆಗೆಯುತ್ತಿದ್ದಳು. ಗಿರಾಕಿಗಳು ಬಂದರೆ ಪಡಸಾಲೆಯಲ್ಲಿ ಹುಲೆಪ್ಪನ ಜೊತೆ ಮಾತಾಡಿ, ಚಹಾ ಕುಡಿದು, ಗಾಜಿನಾಚೆ ಬಗ್ಗಿಕೊಂಡಿದ್ದ ಹೆಂಗಸನ್ನು ಕೆಲಸದಾಳೆಂದು ತಿಳಿದು ಹೋಗುತ್ತಿದ್ದರು. ಹುಲೆಪ್ಪ ತಿದ್ದುತ್ತಿರಲಿಲ್ಲ. ಅವನಿಗೂ ಉಳಿದದ್ದು ಆ ಹೆಸರೊಂದೇ.

ಮನೆ ಬಿಟ್ಟು ಹೋಗುವುದೂ ಕಷ್ಟವಾಯಿತು. ಇಂದು ಹಾಸಿದ್ದನ್ನು ನಾಳೆ ಬಿಡಿಸಬೇಕು, ಬಿಡಿಸಿದ್ದನ್ನು ಉಜ್ಜಬೇಕು, ಅಷ್ಟರಲ್ಲಿ ಮತ್ತೊಬ್ಬರು ಅಳತೆ ಕೊಟ್ಟಿರುತ್ತಿದ್ದರು. ನೆಲೋಗಿಯಲ್ಲಿ ಅಣ್ಣ ಮಲ್ಕಪ್ಪನ ಮಗಳ ಮದುವೆಗೆ ಹೋದವಳು ಅಕ್ಕಿಕಾಳು ಹಾಕಿದ ಗಳಿಗೆಗೇ ಬಸ್ಸು ಹಿಡಿದಳು. ಕೆಲವು ಬೆಳಗು ರೆಸಿನ್ ಕಲಸುವಾಗ, ಓಣಿಯಾಚೆ ಅಂಗನವಾಡಿಯ ಮಕ್ಕಳು ಒಂದೇ ರಾಗದಲ್ಲಿ ಎಣಿಸುವುದು ಕೇಳುತ್ತಿತ್ತು. ಅಲ್ಲಿ ಈಗ ಹೀರಾಬಾಯಿ ಎನ್ನುವವಳು ಟೀಚರು. ಮಾಳಮ್ಮ ಮುಖದ ಬಟ್ಟೆಯನ್ನು ಕಿವಿಯ ಮೇಲೂ ಎಳೆದುಕೊಳ್ಳುತ್ತಿದ್ದಳು.

ಹೀಗೆ ಏಳು ವರ್ಷ ಹೋದವು. 1995ರ ಮಾರ್ಚಿನಲ್ಲಿ ಮೇಣ ತರಲು ಆಳಂದಕ್ಕೆ ಹೋದಾಗ ಬಸ್ ನಿಲ್ದಾಣದಲ್ಲಿ ಸುಮಿತ್ರಾಬಾಯಿ ಸಿಕ್ಕರು. ಕ್ಷೇಮ ಕೇಳಿದ ಮೇಲೆ ಸ್ವಲ್ಪ ನೊಂದ ದನಿಯಲ್ಲೇ, ಆ ವರ್ಷ ಅಷ್ಟು ಆಸ್ಥೆಯಿಂದ ಕಾಗದ ಬರೆದೆ, ಬೇಡ ಅಂತಾದರೂ ಒಂದು ಸಾಲು ಬರೆಯಬಾರದಿತ್ತೇ ಎಂದರು. ಮಾಳಮ್ಮನಿಗೆ ಅರ್ಥವಾಗಲಿಲ್ಲ. ವಿಚಾರಿಸಿದರೆ, 1991ರಲ್ಲಿ ಪಕ್ಕದ ತಾಂಡಾದ ಅಂಗನವಾಡಿಯಲ್ಲಿ ಜಾಗ ಖಾಲಿಯಾಗಿತ್ತು. ಆಗ ಮಾಳಮ್ಮನಿಗೆ ಮೂವತ್ತನಾಲ್ಕು, ವಯಸ್ಸಿನ ಮಿತಿಗೆ ಇನ್ನೊಂದು ವರ್ಷವಿತ್ತು. ಸುಮಿತ್ರಾಬಾಯಿ ಅವಳ ಹೆಸರಿಗೆ ಎರಡು ಕಾಗದ ಹಾಕಿದ್ದರು. ಉತ್ತರ ಬಾರದೆ ಬೇರೆಯವರನ್ನು ತೆಗೆದುಕೊಂಡರು.

ಟಪಾಲಿನವನು ಕಾಗದ ಕೊಡುತ್ತಿದ್ದದ್ದು ಪಡಸಾಲೆಯಲ್ಲಿ ಕೂತವನ ಕೈಗೆ.

ಮಾಳಮ್ಮ ಮನೆಗೆ ಬಂದು ಚೀಲ ಇಳಿಸಿ, ನೀರು ಕುಡಿದು, ಗಂಡನ ಎದುರಿಗೆ ನೆಲದ ಮೇಲೆ ಕೂತಳು.

“ಸುಮಿತ್ರಾಬಾಯಿಯವರ ಕಾಗದ ಬಂದಿತ್ತೇನ್ರಿ?”

ಸುಳ್ಳು ಹೇಳಲು ಹುಲೆಪ್ಪನಿಂದ ಆಗಲಿಲ್ಲ.

“ಬಂದಿತ್ತು. ಎರಡು.”

“ಏನ್ ಮಾಡಿದ್ರಿ?”

“ಒಲಿಗೆ ಹಾಕಿದೆ. ನೀ ಹೋದ್ರ ಈ ಮನಿ ನಿಂತುಹೋಗತಿತ್ತು ಮಾಳೀ. ನನ್ನ ಕಡಿಂದ ಏನು ಆಗತಿತ್ತು? ಕುರ್ಚಿ ಮ್ಯಾಲ ಕೂತವ ನಾ.”

“ನನ್ನ ಒಂದ್ ಮಾತು ಕೇಳಿದ್ರ ಆಗತಿತ್ತು,” ಎಂದಳು ಮಾಳಮ್ಮ. “ನಾನೇ ಬ್ಯಾಡ ಅಂತಿದ್ದೆನೇನೋ. ಮಗಳು ಸಾಲಿ ಕಲಿಯಾಕತ್ತಾಳ, ನೀವು ಹಿಂಗ, ಎಲ್ಲಾ ನೋಡಿ ನಾನೇ ಬ್ಯಾಡ ಅಂತಿದ್ದೆ. ಅಷ್ಟರ ನನಗ ಬಿಡಬೇಕಿತ್ತು.”

ಮರುದಿನ ಬೆಳಿಗ್ಗೆ ಅವಳು ಹಿತ್ತಲಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ರೊಟ್ಟಿ ಬಡಿದಳು, ಅಂಗಳ ಸಾರಿಸಿದಳು, ಹಿತ್ತಲ ಬಾಗಿಲ ಚಿಲಕ ತೆಗೆಯಲಿಲ್ಲ. ಅಚ್ಚಿನ ಮೇಲೆ ಗೌಸಮೊಹಿದ್ದೀನನ ಜೀಪಿನ ಟಾಪು ಅರ್ಧ ಆಗಿತ್ತು. ಅವನು ಆಳಂದದಿಂದ ಅಫಜಲಪುರಕ್ಕೆ ಜನ ತುಂಬಿಕೊಂಡು ಜೀಪು ಓಡಿಸುವವನು, ಹಳೆಯ ಗಿರಾಕಿ. ಎರಡು ಸಲ ಬಂದು ಹುಲೆಪ್ಪನನ್ನು ಕೇಳಿ ಹೋದ. ಬಿಸಿಲಲ್ಲಿ ಜನ ತೆರೆದ ಜೀಪು ಹತ್ತುತ್ತಿಲ್ಲ ಎಂದ. ಹುಲೆಪ್ಪ ಏನೋ ನೆಪ ಹೇಳಿದ. ಮಾಡಿಕೊಡು ಎಂದು ಹೆಂಡತಿಯನ್ನು ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಹನ್ನೊಂದನೆಯ ದಿನ ಮಾಳಮ್ಮ ಬಾವಿಯಿಂದ ನೀರು ಹೊತ್ತು ಬರುವಾಗ ಹಿತ್ತಲಲ್ಲಿ ಮ್ಯಾಟಿನ ಪದರ ಒತ್ತುವ ರೋಲರಿನ ಸದ್ದಾಗುತ್ತಿತ್ತು. ಹುಲೆಪ್ಪ ಮುಖಕ್ಕೆ ಹಸಿ ಟವೆಲು ಸುತ್ತಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಟಾಪಿನ ಎರಡನೆಯ ಪದರ ಹಾಸುತ್ತಿದ್ದ. ಅವಳು ಕೊಡ ಇಳಿಸಿ ಓಡಿದಳು. ಆಗಲೇ ಅವನ ತುಟಿ, ರೆಪ್ಪೆ ಬಾತು ಮುಖ ಗುರುತು ಸಿಗದ ಹಾಗಾಗಿತ್ತು. ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಟಾಪು ಆಗಿದೆಯೇ ಎಂದು ನೋಡಲು ಅದೇ ಹೊತ್ತಿಗೆ ಬಂದ ಗೌಸಮೊಹಿದ್ದೀನ ಇಬ್ಬರನ್ನೂ ಜೀಪಿಗೆ ಹಾಕಿಕೊಂಡು ಗುಲ್ಬರ್ಗಾಕ್ಕೆ ಓಡಿಸಿದ. ದಾರಿಯುದ್ದಕ್ಕೂ ಮಾಳಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಬಿಸಿಲು ಮರೆ ಮಾಡಿದಳು. ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಅದರ ಪಕ್ಕದಲ್ಲೇ ಭಯವೂ ಬಂದು ಕೂತಿತ್ತು.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇರಬೇಕಾಯಿತು. ಬಿಡುವಾಗ ಡಾಕ್ಟರು, ಇನ್ನು ಕಿಟಕಿಗೆ ಗಾಜು ಹಾಕಿದರೆ ನಡೆಯುವುದಿಲ್ಲ, ಒಂದೋ ಆ ಕೆಲಸ ಮನೆಯಿಂದ ಹೋಗಬೇಕು, ಇಲ್ಲ ಇವರು ಹೋಗಬೇಕು, ಮತ್ತೊಮ್ಮೆ ಹೀಗಾದರೆ ನನ್ನ ಹತ್ತಿರ ತರುವಷ್ಟು ವೇಳೆ ಸಿಗಲಿಕ್ಕಿಲ್ಲ ಎಂದರು.

ಕೆಲಸಕ್ಕೆ ಬೇರೆ ಜಾಗವಿರಲಿಲ್ಲ. ಮಲ್ಕಮ್ಮ ಅದೇ ವರ್ಷ ಗುಲ್ಬರ್ಗಾದಲ್ಲಿ ನರ್ಸಿಂಗ್ ಕಲಿಯಲು ಸೇರಿದ್ದಳು, ಮೂರು ವರ್ಷ ಓದಿಸಬೇಕಿತ್ತು. ಮಾಳಮ್ಮನ ಅಣ್ಣ ಮಲ್ಕಪ್ಪ ಬಂದು ತಂಗಿಯ ಗಂಡನನ್ನು ನೆಲೋಗಿಗೆ ಕರೆದುಕೊಂಡು ಹೋದ. ಹೆಂಡತಿಯ ತವರಿನಲ್ಲಿ ಗಂಡ, ಗಂಡನ ಊರಿನಲ್ಲಿ ಹೆಂಡತಿ. ಹೊರಡುವಾಗ ಹುಲೆಪ್ಪ ಹೊಸ್ತಿಲ ಹತ್ತಿರ ನಿಂತು ಏನೋ ಹೇಳಲು ಹೋದ. ಮಾಳಮ್ಮ ಅವನ ಗುಳಿಗೆಯ ಪೊಟ್ಟಣ ಮಲ್ಕಪ್ಪನ ಕೈಗೆ ಕೊಟ್ಟು, ಊಟವಾದ ಮೇಲೆ ಎರಡು, ಮರೆಯಬೇಡ ಎಂದಳು.

ಗೌಸಮೊಹಿದ್ದೀನನ ಟಾಪಿನ ಮೂರನೆಯ ಪದರವನ್ನು ಅವಳೇ ಹಾಸಿದಳು. ಹುಲೆಪ್ಪ ಹಾಸಿದ ಪದರದಲ್ಲಿ ಗಾಳಿಗುಳ್ಳೆ ನಿಂತಿದ್ದ ಕಡೆ ಕೊರೆದು ತೆಗೆದು ಸರಿ ಮಾಡಿದಳು. ಟಾಪು ಒಯ್ಯಲು ಬಂದ ಗೌಸಮೊಹಿದ್ದೀನ ಖಾಲಿ ಪಡಸಾಲೆಯನ್ನು ನೋಡಿ ಯಾರ ಜೊತೆ ಮಾತಾಡಬೇಕೆಂದು ತಿಳಿಯದೆ ನಿಂತ.

“ನನ್ನ ಜೋಡಿ ಮಾತಾಡ್ರಿ ಅಣ್ಣಾ,” ಎಂದಳು. “ಏಳು ವರ್ಷದಿಂದ ಮಾಡಾಕಿ ನಾನೇ.”

“ಗೊತ್ತದವಾ,” ಎಂದ ಅವನು. “ಹುಲೆಪ್ಪಣ್ಣಗ ಬ್ಯಾಸರ ಆದೀತಂತ ಸುಮ್ಮಿದ್ದೆ.”

ಎಷ್ಟು ಜನಕ್ಕೆ ಹೀಗೆ ಗೊತ್ತಿತ್ತು, ಎಷ್ಟು ಜನ ಸುಮ್ಮನಿದ್ದರು ಎಂದು ಅಂದಿನಿಂದ ಮಾಳಮ್ಮನಿಗೆ ಯೋಚನೆ ಹತ್ತಿತು.

ಹದಿನೈದು ದಿನಕ್ಕೊಮ್ಮೆ ಭಾನುವಾರ ಅವಳು ನೆಲೋಗಿಗೆ ಹೋಗುತ್ತಿದ್ದಳು. ಆಳಂದ, ಗುಲ್ಬರ್ಗಾ, ಜೇವರ್ಗಿ ಎಂದು ಬಸ್ಸು ಬದಲಿಸಿ ಮುಟ್ಟುವಾಗ ಮಧ್ಯಾಹ್ನ. ನೇರ ಒಳಗೆ ಹೋಗುವಂತಿರಲಿಲ್ಲ. ದನದ ಕೊಟ್ಟಿಗೆಯ ಮಗ್ಗುಲಲ್ಲಿ ಅತ್ತಿಗೆ ನೀರು ಕಾಸಿ ಇಟ್ಟಿರುತ್ತಿದ್ದಳು. ತಲೆ ಮಿಂದು, ಅಲ್ಲೇ ಇಟ್ಟ ಸೀರೆ ಉಟ್ಟು, ಉಟ್ಟು ಬಂದದ್ದನ್ನು ಗಂಟು ಕಟ್ಟಿ ಹೊರಗಿಟ್ಟ ಮೇಲೆ ಗಂಡನ ಎದುರಿಗೆ, ನಾಲ್ಕು ಮಾರು ದೂರ, ಕೂರುತ್ತಿದ್ದಳು. ಕೆಲಸದ ಮಾತು, ಮಗಳ ಮಾತು. ಒಂದು ಸಲ ಹುಲೆಪ್ಪ ತಲೆ ತಗ್ಗಿಸಿಕೊಂಡು, ಆ ಕಾಗದದ ವಿಷಯದಲ್ಲಿ ನನ್ನನ್ನು ಮಾಫ್ ಮಾಡು ಎಂದ.

“ಮಾಫ್ ಮಾಡಿ ಬಿಟ್ಟೇನಿ ಅಂದ್ರ ಸುಳ್ಳಾಗತದ,” ಎಂದಳು ಮಾಳಮ್ಮ. “ನೆನಪಾದ ದಿನ ಸಿಟ್ಟು ಬರತದ. ಇಲ್ಲದ ದಿನ ಇಲ್ಲ. ನೀವು ಗುಳಿಗಿ ತಪ್ಪಸಬ್ಯಾಡ್ರಿ.”

1998ರಲ್ಲಿ ಮಲ್ಕಮ್ಮ ಓದು ಮುಗಿಸಿ ಜೇವರ್ಗಿಯ ಒಂದು ದವಾಖಾನೆಯಲ್ಲಿ ನರ್ಸಾದಳು. ಎರಡು ಖೋಲಿಯ ಮನೆ ಹಿಡಿದು, ಅಪ್ಪನನ್ನು ನೆಲೋಗಿಯಿಂದ ಕರೆತಂದು, ಅವ್ವನನ್ನು ಕರೆಯಲು ನಸುಕಿನ ಮೊದಲ ಬಸ್ಸು ಹಿಡಿದು ಕಿಣ್ಣಿ ಸುಲ್ತಾನಕ್ಕೆ ಬಂದಳು. ಎಲ್ಲ ಮುಚ್ಚಿ ಇವತ್ತೇ ನಡೆ ಎಂದಳು. ಬೆಳಗಿನ ಎಂಟರ ಹೊತ್ತು, ಮಾಳಮ್ಮ ಬಕೀಟು ಹಿಡಿದು ಹಿತ್ತಲಲ್ಲಿದ್ದಳು.

“ಕಲಸಿ ಆಗ್ಯದ ಮಗಾ. ಈಗ ಬಿಟ್ಟರ ಕಲ್ಲಾಗತದ. ನೀ ಒಳಗ ಬರಬ್ಯಾಡ, ಹೊರಗ ಕಟ್ಟಿ ಮ್ಯಾಲ ಕೂಡು.”

ಮಲ್ಕಮ್ಮ ಕಟ್ಟೆಯ ಮೇಲೆ ಕೂತಳು. ಕೆಲಸ ಮುಗಿಸಿ ಮಿಂದು ಬರುವಷ್ಟರಲ್ಲಿ ಹನ್ನೊಂದಾಗಿತ್ತು. ಇಬ್ಬರೂ ರೊಟ್ಟಿ, ಪುಂಡಿಪಲ್ಯ ಉಂಡರು. ಮಗಳು ಮತ್ತೆ ಕೇಳಿದಳು. ಅಫಜಲಪುರದ ಇಬ್ಬರಿಗೆ ಮಾತು ಕೊಟ್ಟಿದ್ದೇನೆ, ಅದನ್ನು ಮುಗಿಸಿ ದೀಪಾವಳಿಗೆ ಬಂದುಬಿಡುತ್ತೇನೆ ಎಂದು ಮಾಳಮ್ಮ ಹೇಳಿದಳು. ಹೇಳುವಾಗ ಅವಳಿಗೆ ಅದು ನಿಜವೇ ಅನಿಸಿತ್ತು. ಮಗಳನ್ನು ಎರಡು ಗಂಟೆಯ ಬಸ್ಸಿಗೆ ಹತ್ತಿಸಿ ಬಂದು, ಬೆಳಿಗ್ಗೆ ಹಾಸಿದ ಪದರವನ್ನು ಉಗುರಿನಿಂದ ಒತ್ತಿ ನೋಡಿದಳು. ಒಣಗಿತ್ತು.

ದೀಪಾವಳಿಗೆ ಹೋದಳು, ಮೂರು ದಿನ ಇದ್ದಳು. ನಾಲ್ಕನೆಯ ದಿನ ಜೇವರ್ಗಿಯಿಂದ ವಾಪಸಾದಾಗ ಲಾರಿಯ ಬಿಸಿಲುಮರೆಗೆ ಅಳತೆ ಕೊಡಲು ಯಾರೋ ಬಂದು ಹೊರಗಿನ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು.